ಉಪ್ಪುಕೊಳ ಮೀಮಾಂಸೆ

ಯಾವ ಶಾಸ್ತ್ರಗ್ರಂಥವಾದರೂ ಶುರುವಾಗುವ ಮುಂಚೆ ನಾಲ್ಕು ಮಾತು ಹೇಳಿಬಿಡಬೇಕು ಎಂಬುದು ಹಿರಿಯರ ಕಟ್ಟಳೆ. ಓದಲು ಅಧಿಕಾರಿ ಯಾರು, ವಿಷಯ ಯಾವುದು, ಎರಡಕ್ಕೂ ಸಂಬಂಧವೇನು, ಓದಿದ್ದರಿಂದ ಪ್ರಯೋಜನವೇನು. ಪಂಡಿತರು ಇದನ್ನು ಅನುಬಂಧ ಚತುಷ್ಟಯ ಎನ್ನುತ್ತಾರೆ.

ಅಧಿಕಾರಿ: ಸಂಸ್ಕೃತದಲ್ಲಿ ಈ ಶಬ್ದಕ್ಕೆ ಅರ್ಹತೆ ಉಳ್ಳವನು ಎಂದರ್ಥ. ಕನ್ನಡಕ್ಕೆ ಬರುವ ದಾರಿಯಲ್ಲಿ ಅರ್ಹತೆ ಎಲ್ಲೋ ಇಳಿದುಹೋಗಿ ಕುರ್ಚಿ ಮಾತ್ರ ಬಂದು ತಲುಪಿತು. ಈ ಗ್ರಂಥಕ್ಕೆ ಸಂಸ್ಕೃತದ ಅಧಿಕಾರಿಗಳೇ ಸಾಕು. ವಿಷಯ: ಉಪ್ಪಿನಿಂದ ಕ್ಲೋರಿನ್ ತಯಾರಿಸಿ, ಈಜುಕೊಳದ ನೀರನ್ನು ತಾನೇ ಅಳೆದು, ತಾನೇ ತಿದ್ದುವ ಯಂತ್ರ. ಸಂಬಂಧ: ಯಂತ್ರ ನನ್ನ ಗೆಳೆಯರದು, ಅದರ ಪುಸ್ತಕ ಓದುವ ಪಾಡು ನನ್ನದು. ಪ್ರಯೋಜನ: ಮೋಕ್ಷ. ಯಾರಿಗೆ ಎಂಬುದನ್ನು ಕೊನೆಯಲ್ಲಿ ಹೇಳಲಾಗುವುದು.

ಇನ್ನು ಮೀಮಾಂಸಕರ ಪದ್ಧತಿಯಂತೆ ವಿಷಯ, ಸಂಶಯ, ಪೂರ್ವಪಕ್ಷ, ಉತ್ತರಪಕ್ಷ, ನಿರ್ಣಯ ಎಂಬ ಐದು ಅಂಗಗಳಲ್ಲಿ ವಾದವನ್ನು ಮಂಡಿಸುತ್ತೇನೆ.

1. ವಿಷಯ

ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ 150ಎ ರಾಷ್ಟ್ರೀಯ ಹೆದ್ದಾರಿಗೆ ಪೋಣಿಸಿದ ಊರುಗಳು. ಮೊದಲನೆಯದರಲ್ಲಿ ಭತ್ತ, ನಡುವಿನದರಲ್ಲಿ ಶಾಸನ, ಮೂರನೆಯದರ ತಾಲ್ಲೂಕಿನಲ್ಲಿ ಚಿನ್ನ. ಇಷ್ಟಿದ್ದರೂ ಈ ಸೀಮೆಗೆ ಒಂದು ಉಪ್ಪುನೀರಿನ ಈಜುಕೊಳ ಕಡಿಮೆಯಾಗಿದೆ ಎಂಬುದು ಸಿಂಧನೂರಿನ ಅಕ್ಕಿ ಗಿರಣಿಯ ಧಣಿಗಳಾದ ನನ್ನ ಗೆಳೆಯರಿಗೆ ಬೆಂಗಳೂರಿನ ಯಾವುದೋ ರೆಸಾರ್ಟಿನಲ್ಲಿ ಹೊಳೆಯಿತು. ಮಸ್ಕಿ ರಸ್ತೆಯ ತಮ್ಮ ತೋಟದಲ್ಲಿ 10 ಮೀಟರ್ ಉದ್ದ, 5 ಮೀಟರ್ ಅಗಲ, ಸರಾಸರಿ 1.4 ಮೀಟರ್ ಆಳದ ಕೊಳ ಕಟ್ಟಿಸಿದರು. ಲೆಕ್ಕ ಹಾಕಿದರೆ 70,000 ಲೀಟರ್.

ಇಲ್ಲೊಂದು ನಿರುಕ್ತ. ನೀರಿನ ತೊಟ್ಟಿಗೆ ಅರಬ್ಬಿಯಲ್ಲಿ ಹೌಜ್ ಎಂದು ಹೆಸರು. ದಖನಿಯವರ ಬಾಯಿಂದ ನಮ್ಮ ಬಾಯಿಗೆ ಬರುವಷ್ಟರಲ್ಲಿ ಅದು ಹೌದು ಆಯಿತು. ಆದ್ದರಿಂದ 'ತೋಟದಲ್ಲಿ ಕಟ್ಟಿಸಿದ್ದು ಏನು?' ಎಂದು ಯಾರೇ ಕೇಳಿದರೂ ಹಳಬರು 'ಹೌದು' ಎನ್ನುತ್ತಾರೆ. ಇದು ಉತ್ತರವೋ ಒಪ್ಪಿಗೆಯೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ.

ಯಂತ್ರದ ಸ್ವರೂಪ ಹೀಗೆ. ಒಂದು ಲೀಟರ್ ನೀರಿಗೆ ಮೂರೂವರೆ ಗ್ರಾಂ ಉಪ್ಪು, ಅಂದರೆ 3,500 ಪಿಪಿಎಂ. ಸಮುದ್ರದಲ್ಲಿ 35,000, ಕಣ್ಣೀರಿನಲ್ಲಿ ಸುಮಾರು 9,000. ಹೀಗಾಗಿ ಇದು ಸಮುದ್ರಕ್ಕಿಂತ ಹತ್ತು ಪಟ್ಟು ಸಪ್ಪೆ, ಅಳುವಿಗಿಂತಲೂ ಸಪ್ಪೆ. ಈ ನೀರು ಒಂದು ಕೊಳವೆಯೊಳಗೆ ಹಾಯುವಾಗ ಅಲ್ಲಿ ಟೈಟಾನಿಯಂ ತಗಡುಗಳು ಸಾಲಾಗಿ ನಿಂತಿರುತ್ತವೆ. ಅವುಗಳ ಮೈಗೆ ರುಥೇನಿಯಂ, ಇರಿಡಿಯಂ ಆಕ್ಸೈಡುಗಳ ಲೇಪ. ಕರೆಂಟು ಹರಿದಾಗ ಉಪ್ಪಿನೊಳಗಿನ ಕ್ಲೋರಿನ್ ಬಿಡಿಸಿಕೊಂಡು ನೀರಿಗಿಳಿಯುತ್ತದೆ, ರೋಗಾಣುಗಳನ್ನು ಕೊಲ್ಲುತ್ತದೆ, ಕೊಂದು ಮುಗಿಸಿದ ಮೇಲೆ ಮರಳಿ ಉಪ್ಪೇ ಆಗುತ್ತದೆ. ಮತ್ತೆ ಕೊಳವೆ, ಮತ್ತೆ ತಗಡು, ಮತ್ತೆ ಕ್ಲೋರಿನ್, ಮತ್ತೆ ಉಪ್ಪು. ಜನನ ಮರಣ ಚಕ್ರವನ್ನು ಇಷ್ಟು ಸ್ಪಷ್ಟವಾಗಿ ತೋರಿಸುವ ದೃಷ್ಟಾಂತ ನಮ್ಮ ದರ್ಶನಕಾರರಿಗೆ ಸಿಗದೇ ಹೋದದ್ದು ಅವರ ದುರ್ದೈವ. ನೀರು ಆವಿಯಾಗಿ ಹೋಗಬಹುದು. ಉಪ್ಪು ಹೋಗದು. ಯಾರಾದರೂ ಹೊರಗೆ ಚೆಲ್ಲಿದರೆ ಮಾತ್ರ ಅದಕ್ಕೆ ಬಿಡುಗಡೆ. ಈ ವಾಕ್ಯವನ್ನು ವಾಚಕರು ನೆನಪಿಟ್ಟುಕೊಳ್ಳಬೇಕು. ನಾವು ಮರೆತದ್ದರಿಂದಲೇ ಈ ಗ್ರಂಥ ಬರೆಯಬೇಕಾಯಿತು.

2. ಸಂಶಯ

ಪುಸ್ತಕದ ಮೊದಲ ಪುಟದಲ್ಲೇ 'ಸ್ವಯಂಚಾಲಿತ' ಎಂಬ ಸಮಾಸ ಬಂತು. ಇದರ ವಿಗ್ರಹವಾಕ್ಯ ಯಾವುದು? ತಾನಾಗಿಯೇ ನಡೆಯುವುದು ಎಂಬುದು ಒಂದು ಪಕ್ಷ. ಮಾಲೀಕರು ಸ್ವಯಂ ಎದ್ದುಬಂದು ಚಾಲೂ ಮಾಡಬೇಕಾದದ್ದು ಎಂಬುದು ಎರಡನೆಯ ಪಕ್ಷ. ಮೊದಲ ವಾರದ ಅನುಭವವೆಲ್ಲ ಎರಡನೆಯದರ ಕಡೆಗೇ ವಾಲಿತು. ಒಮ್ಮೆ ಕರೆಂಟು ಹೋಗಿ ಬಂದರೆ ಯಂತ್ರವನ್ನು ನಡೆಸುವ ಡಬ್ಬಿ ತನ್ನ ಗಡಿಯಾರವನ್ನು ಮರೆತು ನಡುರಾತ್ರಿಯನ್ನು ನಡುಹಗಲೆಂದು ತಿಳಿಯುತ್ತಿತ್ತು. ಅದಕ್ಕೆ ಹೊತ್ತು ಹೇಳಿಕೊಡಲು ಧಣಿಗಳು ಸ್ವಯಂ ಎದ್ದುಹೋಗುತ್ತಿದ್ದರು.

ಇನ್ನೊಂದು ಸಂಶಯ ಲಿಪಿಯದು. ಡಬ್ಬಿಯ ಮೇಲಿನ ಕಿರುಪರದೆ ತಾನು ನೊಂದಾಗ ಒಂದೆರಡು ಶಬ್ದ, ಒಂದು ಅಂಕಿ ತೋರಿಸಿ ಸುಮ್ಮನಾಗುತ್ತದೆ. ಯಾರು ನೊಂದರು, ಯಾಕೆ ನೊಂದರು, ಹೇಳುವುದಿಲ್ಲ. ಇಂಥ ಕಷ್ಟ ಭಾರತೀಯ ಲಿಪಿಶಾಸ್ತ್ರಕ್ಕೆ ಹೊಸದಲ್ಲ. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿಯನ್ನು ಓದಿ ತೋರಿಸಿದ ಮೇಲೂ ಬಂಡೆಗಳ ಮೇಲೆ ಮಾತಾಡುವ 'ದೇವಾನಾಂಪಿಯ' ಯಾರೆಂಬುದನ್ನು ಬಂಡೆಗಳೇ ಹೇಳಿರಲಿಲ್ಲ. ವಿದ್ವಾಂಸರು ಸಿಂಹಳದ ಗ್ರಂಥಗಳ ಆಧಾರದಿಂದ ಅಶೋಕನೆಂದು ಗುರುತಿಸಿಕೊಂಡಿದ್ದರು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ಜಾಡು ಹಿಡಿದು ಮಸ್ಕಿಯ ಗುಡ್ಡಕ್ಕೆ ಬಂದವರು ಒಂದು ಬಂಡೆಯ ಮೇಲೆ ಅಕ್ಷರ ಕಂಡರು. ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ಅಲ್ಲಿ ಬಿರುದಿನ ಜೊತೆಗೇ ಅಶೋಕ ಎಂಬ ಹೆಸರು ಇತ್ತು. ಚಿನ್ನಕ್ಕೆ ಬಂದವರಿಗೆ ಹೆಸರು ಸಿಕ್ಕಿತು. ಡಬ್ಬಿಯ ಮುಂದೆ ಕೂತ ನಮಗೂ ಒಂದು ಮಸ್ಕಿ ಬೇಕಿತ್ತು.

3. ಪೂರ್ವಪಕ್ಷ

ಪೂರ್ವಪಕ್ಷಿ ಯಂತ್ರ ಜೋಡಿಸಲು ಬಂದ ಹುಡುಗ. ಕತ್ತಿನಲ್ಲಿ ಇಯರ್‌ಫೋನ್, ಕೈಯಲ್ಲಿ ಟೆಸ್ಟರ್, ಮಾತಿನಲ್ಲಿ ಅದ್ವೈತ. ಅವನ ಪ್ರಕಾರ ಮನುಷ್ಯ ಎಂಬುದೇ ಭ್ರಾಂತಿ. ಡಬ್ಬಿಯೊಂದೇ ಸತ್ಯ.

'ಸರ್, ಇದು ಪಿಎಚ್ ನೋಡ್ತದ, 7.2ರಿಂದ 7.8ರೊಳಗ ಇಟ್ಕೊಂತದ. ಏರಿತಂದ್ರ ತಾನೇ ಆಸಿಡ್ ಬಿಟ್ಕೊಂತದ. ಕ್ಲೋರಿನ್ 1ರಿಂದ 3 ಪಿಪಿಎಂ. ನೀರು ಹರೀಲಿಲ್ಲಂದ್ರ ತಾನೇ ಬಂದ್ ಆಗ್ತದ. ನೀವೇನು ಮಾಡೋದೈತಲ್ರಿ, ಅದನ್ನ ಮಾಡದಿದ್ರ ಸಾಕು.'

ಈ ವಾದದಲ್ಲಿ ಬಲವಿಲ್ಲದಿಲ್ಲ. ತಗಡುಗಳ ನಡುವೆ ಕ್ಲೋರಿನ್ ಜೊತೆಗೆ ಹೈಡ್ರೋಜನ್ ಅನಿಲವೂ ಹುಟ್ಟುತ್ತದೆ. ನೀರು ನಿಂತ ಕೊಳವೆಯಲ್ಲಿ ಅದು ಕೂಡಿಕೊಂಡರೆ ಅಪಾಯ. ಅದಕ್ಕಾಗಿಯೇ ಹರಿವನ್ನು ಕಾಯುವ ಫ್ಲೋ ಸ್ವಿಚ್ ಇದೆ. ಈ ಕ್ರಿಯೆಯಿಂದ ನೀರಿನ ಪಿಎಚ್ ಏರುತ್ತಲೇ ಇರುವುದೂ ದಿಟ, ಆಸಿಡ್ ಬೇಕಾಗುವುದೂ ದಿಟ. ಗಡಸು ನೀರಿನಲ್ಲಿ ತಗಡುಗಳಿಗೆ ಸುಣ್ಣ ಕಟ್ಟುತ್ತದೆ. ಆಗಾಗ ಧನ ಋಣಗಳನ್ನು ಅದಲುಬದಲು ಮಾಡಿ ಯಂತ್ರ ಅದನ್ನು ಕೊಡವಿಕೊಳ್ಳುತ್ತದೆ. ಕೊಡವಿದ ಮೇಲೂ ಉಳಿದದ್ದನ್ನು ಆಸಿಡ್ ನೀರಿನಲ್ಲಿ ಅದ್ದಿ ತೊಳೆಯಬೇಕು. ನಮ್ಮ ಮನೆಯ ಬಾಯ್ಲರಿಗೂ ಇದೇ ಗತಿ, ಅದಲುಬದಲು ಮಾಡಿಕೊಳ್ಳುವ ಬುದ್ಧಿ ಮಾತ್ರ ಅದಕ್ಕಿಲ್ಲ.

ಉಪ್ಪಿನ ಪ್ರಕರಣದಲ್ಲಿ ಮೊದಲ ತೊಡಕು. ಅಯೋಡಿನ್ ಇಲ್ಲದ ಶುದ್ಧ ಉಪ್ಪೇ ಬೇಕು ಎಂದು ಪುಸ್ತಕದ ವಿಧಿ. ಪೇಟೆಯಲ್ಲಿ ಊಟದ ಉಪ್ಪಿಗೆಲ್ಲ ಅಯೋಡಿನ್ ಇರಬೇಕೆಂದು ಸರ್ಕಾರದ ವಿಧಿ. ಎರಡು ವಿಧಿಗಳು ಡಿಕ್ಕಿ ಹೊಡೆದಾಗ ವಿಕಲ್ಪ ಎಂದು ಮೀಮಾಂಸಕರು ಹೇಳುತ್ತಾರೆ. ಸಿಂಧನೂರಿನ ಕಿರಾಣಿಯವರು 'ಹಸಿ ತೊಗಲಿಗೆ ಹಾಕೋ ಉಪ್ಪು ಐತ್ರಿ' ಎಂದು ಹೇಳಿ ವಿಕಲ್ಪವನ್ನು ತೀರಿಸಿದರು. 245 ಕಿಲೋ ಲೆಕ್ಕಕ್ಕೆ 50 ಕಿಲೋದ 5 ಚೀಲ ತಂದೆವು.

ಎರಡನೆಯ ತೊಡಕು ಬಿಸಿಲಿನದು. ಬಯಲು ಕೊಳದ ಕ್ಲೋರಿನ್ನನ್ನು ಬಿಸಿಲು ಕೆಲವೇ ತಾಸಿನಲ್ಲಿ ತಿಂದುಹಾಕುತ್ತದೆ. ರಾಯಚೂರು ಜಿಲ್ಲೆಯ ಬಿಸಿಲಿನ ಹಸಿವು ಎಲ್ಲರಿಗೂ ಗೊತ್ತೇ ಇದೆ. ಕ್ಲೋರಿನ್ನಿಗೆ ನೆರಳು ಹಿಡಿಯಲು ಸಯನ್ಯೂರಿಕ್ ಆಮ್ಲ ಬೆರೆಸಬೇಕು. ಸಿಂಧನೂರಿನಲ್ಲಿ ಸಿಗಲಿಲ್ಲವೆಂದು ಲಿಂಗಸುಗೂರಿಗೆ ಹೋದೆ. ಅಂಗಡಿಯವರು ಚೀಟಿ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. ಹತ್ತಿರದ ಹಟ್ಟಿಯಲ್ಲಿ ಅದಿರಿನಿಂದ ಚಿನ್ನ ಬಿಡಿಸಲು ಸಯನೈಡ್ ಬಳಸುವುದು ಅಲ್ಲಿನ ಮಕ್ಕಳಿಗೂ ತಿಳಿದ ಸಂಗತಿ.

'ಮಾಸ್ತರ್ರ, ಒಳಗ ಬರ್ರಿ, ಕುಂದರ್ರಿ. ಮನ್ಯಾಗ ಎಲ್ಲಾ ಆರಾಮ ಅದಾರಿಲ್ರಿ?'

'ಆರಾಮ ಅದಾರಿ. ಇದು ಆ ಸಯನೈಡ್ ಅಲ್ಲ, ಬ್ಯಾರೇರಿ.'

'ಎಲ್ಲಾರೂ ಹಂಗಾ ಅಂತಾರ್ರಿ' ಎಂದು ಅವರು ಚಹಾ ತರಿಸಿದರು. ಪಿಂಚಣಿ ಸರಿಯಾಗಿ ಬರುತ್ತದೆಯೇ, ಸೊಸೆ ಹೇಗೆ ನೋಡಿಕೊಳ್ಳುತ್ತಾಳೆ ಎಂದೆಲ್ಲ ವಿಚಾರಿಸಿದರು. ಕೊನೆಗೆ ನನ್ನನ್ನು ಬಸ್ಸಿಗೆ ಹತ್ತಿಸಿ, ಬಸ್ಸು ಹೊರಡುವ ತನಕ ನಿಂತಿದ್ದರು. ಒಂದು ಶಬ್ದದ ಅರ್ಧಭಾಗ ಇನ್ನೊಂದನ್ನು ಹೋಲಿದರೆ ಎಷ್ಟು ಪ್ರೀತಿ ಸಂಪಾದನೆಯಾಗಬಹುದು ಎಂಬುದಕ್ಕೆ ಇದು ಉದಾಹರಣೆ. ಆಮ್ಲ ಮಾತ್ರ ಸಿಗಲಿಲ್ಲ.

ಉಪ್ಪು ಸುರಿದು, ಮೋಟಾರು ಚಾಲೂ ಮಾಡಿ, ಒಂದು ಹಗಲು ಒಂದು ರಾತ್ರಿ ಕಾದೆವು. ಮರುದಿನ ಡಬ್ಬಿ ತನ್ನ ಕೆಲಸ ನಿಲ್ಲಿಸಿ ಎರಡು ಶಬ್ದಗಳ ಶಾಸನ ಹೊರಡಿಸಿತು: 'ಹೈ ಸಾಲ್ಟ್'. ಕೆಳಗೆ ಅಂಕಿ: 5,300.

ಜ್ಞಾನಕ್ಕೆ ಪ್ರಮಾಣಗಳು ಹಲವು. ಪ್ರತ್ಯಕ್ಷ: ನಾವು ಹಾಕಿದ್ದು 5 ಚೀಲ, ಎಲ್ಲರೂ ನೋಡಿದ್ದಾರೆ. ಅನುಮಾನ: ಶಾಸ್ತ್ರದಲ್ಲಿ ಇದಕ್ಕೆ ತರ್ಕ ಎಂದರ್ಥ, ತೋಟದಲ್ಲಿ ಎಲೆಕ್ಟ್ರಿಷಿಯನ್ ಮೇಲಿನ ಗುಮಾನಿ ಎಂದರ್ಥ. ಶಬ್ದ: ಪುಸ್ತಕ. ಇವಲ್ಲದೆ ಅನುಪಲಬ್ಧಿ ಎಂಬುದೊಂದಿದೆ. ಇರಬೇಕಾದ್ದು ಕಾಣದಿರುವುದರಿಂದಲೇ ಹುಟ್ಟುವ ಅರಿವು. ಮೋಟಾರಿನ ಸದ್ದು ಕೇಳದಿದ್ದಾಗ ಕರೆಂಟಿಲ್ಲ ಎಂದು ತಿಳಿಯುವುದು ಇದರಿಂದಲೇ. ನಮ್ಮ ಸೀಮೆಯವರು ಈ ಪ್ರಮಾಣದಲ್ಲಿ ಪಾರಂಗತರು. ಆದರೆ ಈ ನಾಲ್ಕರಿಂದಲೂ 5,300ರ ಮರ್ಮ ಬಿಡಿಸಲಾಗಲಿಲ್ಲ. ಐದನೆಯದು ಬೇಕಾಯಿತು. ಅದು ನಾಲಿಗೆ.

4. ಉತ್ತರಪಕ್ಷ

ಉತ್ತರಪಕ್ಷವನ್ನು ಮಂಡಿಸಿದವರು ತುಂಗಭದ್ರಾ ಎಡದಂಡೆ ಕಾಲುವೆಯ ಮೇಲೆ ಗ್ಯಾಂಗ್‌ಮನ್ ಆಗಿ ಬಾಳು ಸವೆಸಿದ ಹಿರಿಯರು. ತೋಟ ಕಾಯುತ್ತಾರೆ. ಎಲ್ಲರಿಗೂ ತಾತ. ನೀರನ್ನು ಅವರು ಕಿವಿಯಿಂದ ಅಳೆಯುತ್ತಾರೆ. ರಾತ್ರಿ ಬ್ಯಾಟರಿ ಹಿಡಿದು ಏರಿಯ ಮೇಲೆ ನಡೆಯುತ್ತಾ, ತೂಬಿನ ಸದ್ದು ಬದಲಾದರೆ ಸಾಕು, ಮೇಲೆ ಯಾರೋ ಗೇಟು ಎತ್ತಿದ್ದಾರೆಂದು ಹೇಳಬಲ್ಲವರು. ಗೇಜ್ ಪಟ್ಟಿ ಆಮೇಲೆ ಸಾಕ್ಷಿ ನುಡಿಯುತ್ತಿತ್ತು.

ತಾತ ಕೊಳದ ಅಂಚಿಗೆ ಕುಕ್ಕರಗಾಲಲ್ಲಿ ಕೂತರು. ಬೊಗಸೆ ನೀರೆತ್ತಿ, ನಾಲಿಗೆ ತುದಿಗೆ ಮುಟ್ಟಿಸಿ, ಪಕ್ಕಕ್ಕೆ ಉಗುಳಿದರು.

'ಧಣೀ, ನೀವು ಉಪ್ಪು ಹಾಕೂದಕ್ಕಿಂತ ಮೊದಲಾ ಇದರಾಗ ಉಪ್ಪು ಇತ್ರಿ. ಬೋರಿನ ನೀರಲ್ಲೇನ್ರಿ?'

ಹುಡುಗ ಬೋರ್‌ವೆಲ್ ನೀರನ್ನು ಪ್ರತ್ಯೇಕವಾಗಿ ಲೋಟಕ್ಕೆ ಹಿಡಿದು ಅಳೆದ. 1,800. ಪುಸ್ತಕದ ಕೋಷ್ಟಕ ಕೊಳದಲ್ಲಿರುವುದು ಸಿಹಿನೀರೆಂದು ನಂಬಿ 5 ಚೀಲ ಹೇಳಿತ್ತು. ಯಂತ್ರ ಅಳೆಯುವುದು ನೀರು ಕರೆಂಟನ್ನು ಎಷ್ಟು ಸಲೀಸಾಗಿ ಸಾಗಿಸುತ್ತದೆ ಎಂಬುದನ್ನು. ಆ ಅಳತೆಗೆ ಅಡುಗೆ ಉಪ್ಪು, ಸುಣ್ಣದ ಲವಣ, ಮೆಗ್ನೀಸಿಯಂ ಎಲ್ಲವೂ ಒಂದೇ. ನಾಲಿಗೆಗೆ ಒಂದೇ ಅಲ್ಲ.

ಪುಸ್ತಕದ ಪರಿಹಾರ: ಮೂರನೇ ಒಂದು ಪಾಲು ನೀರು ಹೊರಗೆ ಬಿಟ್ಟು ಹೊಸ ನೀರು ತುಂಬಿ. ಹೊಸ ನೀರು ಎಲ್ಲಿಂದ? ಅದೇ ಬೋರಿನಿಂದ. ತಾರ್ಕಿಕರು ಇದನ್ನು ಚಕ್ರಕ ದೋಷ ಎನ್ನುತ್ತಾರೆ. ಆದರೂ ಹುಡುಗ ಮೊಬೈಲಿನಲ್ಲಿ ಗುಣಿಸಿ ನೋಡಿದ. ಒಂದು ಸಲ ಬಿಟ್ಟು ತುಂಬಿದರೆ 5,300 ಇದ್ದದ್ದು 4,100ರ ಮೇಲೆ ನಿಲ್ಲುತ್ತದೆ. ಇನ್ನೊಂದು ಸಲ ಬಿಟ್ಟರೆ 3,400ರ ಹತ್ತಿರ ಬರುತ್ತದೆ. 'ಎರಡು ಸಲ ಬಿಡೂದು ಸರ್, ಅಷ್ಟಾ' ಎಂದ. ಒಟ್ಟು 46,000 ಲೀಟರಿಗೂ ಹೆಚ್ಚು ನೀರು, ಅದರೊಳಗೆ ಸುಮಾರು 220 ಕಿಲೋ ಲವಣ. ನಾಲ್ಕು ಚೀಲಕ್ಕೂ ಮಿಗಿಲು.

ಆಗ ತಾತ ಕೇಳಿದ ಪ್ರಶ್ನೆಗೆ ಪುಸ್ತಕದ ಯಾವ ಪುಟದಲ್ಲೂ ಉತ್ತರವಿರಲಿಲ್ಲ.

'ಎಲ್ಲಿಗೆ ಬಿಡ್ತೀರಿ?'

ಧಣಿಗಳು ತೋಟದ ಇಳಿಜಾರಿನ ಕಡೆ ಕೈ ಮಾಡಿದರು. ಅಲ್ಲಿ ಬೇರೊಬ್ಬರ ಎರಡೆಕರೆ ಇತ್ತು. ನಾವೆಲ್ಲರೂ ಹೋಗಿ ನೋಡಿದೆವು. ಬದುವಿನ ಪಕ್ಕದಲ್ಲಿ ಮಣ್ಣಿನ ಮೇಲೆ ಬಿಳಿ ಹೊಪ್ಪಳಿಕೆ, ರೊಟ್ಟಿ ಬಡಿದ ಮೇಲೆ ಕೊಣಮಿಗೆಯಲ್ಲಿ ಉಳಿದ ಹಿಟ್ಟಿನ ಹಾಗೆ. ಕಾಲಿಟ್ಟರೆ ಮೇಲೆ ಪುಸುಪುಸು, ಕೆಳಗೆ ಜಿಗಿಜಿಗಿ. ಭತ್ತ ಕಟಾವಾದ ಕೂಳೆ ಹೊಲದ ಉಳಿದ ಕಡೆ ಒತ್ತಾಗಿತ್ತು, ಇಲ್ಲಿ ಮಾತ್ರ ಮುದುಕನ ಹಲ್ಲಿನಂತೆ ಅಲ್ಲೊಂದು ಇಲ್ಲೊಂದು.

'ಸವಳು' ಎಂದರು ತಾತ. 'ಇದು ಹುಟ್ಟಿದ್ದಲ್ರಿ, ಮಾಡಿದ್ದು. ನಾವಾ ಮಾಡಿದ್ದು.'

ತಾತನ ಉಪಪತ್ತಿಯನ್ನು ಶಾಸ್ತ್ರದ ಮಾತಿಗೆ ಇಳಿಸಿದರೆ ಹೀಗೆ. ಕಟ್ಟೆಯ ಕೆಲಸ 1945ರಲ್ಲಿ ಆರಂಭವಾಗಿ 1953ರಲ್ಲಿ ತುಂಗಭದ್ರೆ ನಿಂತಳು. 227 ಕಿ.ಮೀ. ಉದ್ದದ ಎಡದಂಡೆ ಕಾಲುವೆ ಬಂತು. ಬರ ನೀಗಲಿ, ಜೋಳ ಹತ್ತಿಗೆ ಹದವಾಗಿ ತೇವ ಸಿಗಲಿ ಎಂಬುದು ಅಂದಿನ ಯೋಜನೆ. ಎರಿ ಭೂಮಿಗೆ ನೀರು ಸಿಕ್ಕ ಮೇಲೆ ಭತ್ತ ಬಂತು, ವಲಸಿಗರ ಕ್ಯಾಂಪುಗಳು ಬಂದವು, ಗಿರಣಿಗಳು ಬಂದವು, ನನ್ನ ಗೆಳೆಯರೂ ಹಾಗೆಯೇ ಧಣಿಗಳಾದರು. ನೀರು ಒಳಗೆ ಬರುವ ದಾರಿಯನ್ನು ಎಲ್ಲರೂ ತೋಡಿದರು. ಹೊರಗೆ ಹೋಗುವ ಬಸಿಗಾಲುವೆಯನ್ನು ತೋಡಲು ಪುರುಸೊತ್ತಾಗಲಿಲ್ಲ. ಅಂತರ್ಜಲ ಮೇಲೇರಿತು, ಅದರ ಜೊತೆ ನೆಲದಾಳದ ಉಪ್ಪೂ ಏರಿತು, ಬಿಸಿಲು ನೀರನ್ನಷ್ಟೇ ಒಯ್ದು ಉಪ್ಪನ್ನು ಮೇಲೆ ಬಿಟ್ಟಿತು. ಮೊದಲ ಅಂಗದಲ್ಲಿ ನೆನಪಿಡಿ ಎಂದ ವಾಕ್ಯ ಇದೇ.

ಮಣ್ಣಿನ ಶಾಸ್ತ್ರದಲ್ಲಿ ಉಪ್ಪನ್ನು ಡೆಸಿಸೀಮೆನ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಮೀಟರಿಗೆ 4 ದಾಟಿದರೆ ಆ ನೆಲ ಸವಳು. ಭತ್ತವಂತೂ 3 ದಾಟುತ್ತಿದ್ದಂತೆ ಇಳುವರಿಯಲ್ಲಿ ಸೋಲುತ್ತದೆ. ನಮ್ಮ ಕೊಳದ 5,300ನ್ನು ಆ ಮಾನಕ್ಕೆ ತಿರುಗಿಸಿದರೆ 8ರ ಆಸುಪಾಸು. ಯಂತ್ರ ಹಿಗ್ಗಿ ಹಾಡುವ 3,500 ಕೂಡ 5 ದಾಟುತ್ತದೆ. ಅಂದರೆ, ಎಲ್ಲವೂ ಸರಿ ಎಂದು ಡಬ್ಬಿ ಹಸಿರು ದೀಪ ತೋರಿಸುವ ನೀರು ಕೆಳಗಿನ ಹೊಲದ ಲೆಕ್ಕದಲ್ಲಿ ಸವಳೇ. ಗೆಳೆಯರು ಅಷ್ಟೊಂದು ಖರ್ಚು ಮಾಡಿ, ಟೈಟಾನಿಯಂ ತರಿಸಿ, ಹೆಂಚು ಹಾಕಿಸಿ ಕಟ್ಟಿಸಿಕೊಂಡದ್ದನ್ನು ನೆರೆಯ ರೈತ ಬಿಡಿಗಾಸಿಲ್ಲದೆ ಎರಡೆಕರೆಯಲ್ಲಿ ಪಡೆದುಕೊಂಡಿದ್ದ.

ಹುಡುಗ ಸೋಲೊಪ್ಪಲಿಲ್ಲ. 'ತಾತಾ, ನಿಮ್ಮ ಕಾಲಕ್ಕ ಮಿಷಿನ್ ಇರಲಿಲ್ಲ, ಅದಕ್ಕ ಹಂಗಾತು' ಎಂದ.

'ಮಿಷಿನ್ ಬ್ಯಾಡ ಅನ್ನಂಗಿಲ್ಲಪಾ. ಡ್ಯಾಮಿನ ಗೇಟಿಗಿಂತ ದೊಡ್ಡ ಮಿಷಿನ್ ಯಾವುದೈತಿ? ಅವತ್ತು ರಾತ್ರಿ ಒಂದು ಚೈನು ಕಿತ್ತಿದ್ದಕ್ಕ ಹತ್ತೊಂಬತ್ತನೇ ಗೇಟಾ ಹೋತು. ಮಿಷಿನ್ನು ಕಾಯಾಕ ಬೇಕು, ಹೌದು. ಮಿಷಿನ್ನಿನ ಕೆಳಗಿರೋ ಹೊಲ ಕಾಯೋರು ಯಾರು?'

ತುಂಗಭದ್ರಾ ಅಣೆಕಟ್ಟೆಯ ಗೇಟು ಕೊಚ್ಚಿಹೋದ 2024ರ ಆಗಸ್ಟ್ 10ರ ರಾತ್ರಿಯನ್ನು ಅವರು ಹೇಳಿದ್ದು. ಆ ರಾತ್ರಿಯ ನಂತರ ಈ ಸೀಮೆಯಲ್ಲಿ ಯಾವ ವಾದದಲ್ಲೂ ಆ ಸರಪಳಿಯ ಮುಂದೆ ಪ್ರತಿವಾದವಿಲ್ಲ. ಹುಡುಗ ಇಯರ್‌ಫೋನನ್ನು ಕಿವಿಗೆ ಏರಿಸಿದ. ತರ್ಕಶಾಸ್ತ್ರದಲ್ಲಿ ಇದಕ್ಕೆ ನಿಗ್ರಹಸ್ಥಾನ ಎಂದು ಹೆಸರು.

5. ನಿರ್ಣಯ

ಇಷ್ಟರಿಂದ ಸಿದ್ಧವಾದ ಸೂತ್ರಗಳು ಇವು. ಒಂದು: ಉಪ್ಪುಕೊಳ ನಡೆಸುವವರು ಉಪ್ಪು ತರುವ ಮುಂಚೆ ತಮ್ಮ ನೀರಿನಲ್ಲಿ ಈಗಾಗಲೇ ಎಷ್ಟಿದೆ ಎಂದು ಅಳೆಯಬೇಕು. ಯಂತ್ರವಿಲ್ಲದಿದ್ದರೆ ತಾತನನ್ನು ಕರೆಯಬೇಕು. ಎರಡು: ಒಂದೇ ಸಲಕ್ಕೆ 5 ಚೀಲ ಸುರಿಯದೆ, ಎರಡು ಚೀಲ ಹಾಕಿ, ಒಂದು ದಿನ ಕಾದು ಮತ್ತೆ ನೋಡಬೇಕು. ಉಪ್ಪು ಕಡಿಮೆಯಾದರೆ ಹಾಕಬಹುದು, ಹೆಚ್ಚಾದರೆ ತೆಗೆಯಲು ಬಾರದು. ಅಡುಗೆ ಮನೆಯಲ್ಲಿ ಏಳು ವರ್ಷದ ಹುಡುಗಿಗೂ ಗೊತ್ತಿರುವ ಈ ಸೂತ್ರವನ್ನು ಪುಸ್ತಕದಲ್ಲಿ ಹುಡುಕಲು ನನಗೆ ಹದಿನೇಳು ಪುಟ ಬೇಕಾದವು. ಮೂರು: ಕೊಳಕ್ಕೆ ಗುದ್ದಲಿಪೂಜೆ ಮಾಡುವ ದಿನವೇ ಅದರ ನೀರು ಹೋಗುವ ದಾರಿಗೂ ಪೂಜೆ ಮಾಡಬೇಕು. ಆ ದಾರಿ ಇನ್ನೊಬ್ಬರ ಹೊಲದಲ್ಲಿ ಮುಗಿಯುವುದಾದರೆ ಕೊಳದ ಆಸೆಯನ್ನೇ ಮುಗಿಸಬೇಕು.

ಈಗ ಮೋಕ್ಷದ ಮಾತು. ಉಪ್ಪಿಗೆ ತಾನಾಗಿ ಮೋಕ್ಷವಿಲ್ಲ. ಹೊಲಕ್ಕೂ ಇಲ್ಲ. ಜಿಪ್ಸಂ ಹಾಕಿ, ಡಯಾಂಚ ಬಿತ್ತಿ ಮಣ್ಣಿಗೆ ಮಡಚಿ, ಸಿಹಿನೀರು ನಿಲ್ಲಿಸಿ, ಬಸಿಗಾಲುವೆ ತೋಡಿ ನೀರನ್ನು ಕೆಳಗಿಳಿಸಿದರೆ ವರ್ಷಗಳ ಮೇಲೆ ಸವಳು ಬಿಡುತ್ತದೆ. ಹಾಗಾಗಿ ಈ ಸೀಮೆಯ ದರ್ಶನದಲ್ಲಿ ಮೋಕ್ಷ ಎಂದರೆ ಬಸಿಗಾಲುವೆ. ಇದರ ಸಾಧನೆಗೆ ಅಧಿಕಾರಿ ಯಾರು ಎಂಬ ಪ್ರಶ್ನೆಗೆ ಮಸ್ಕಿಯ ಬಂಡೆ 2,200ಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ತೀರ್ಪು ಕೊಟ್ಟಿದೆ. ದೊಡ್ಡವರಿಗಷ್ಟೇ ಇದು ಸಾಧ್ಯ ಎಂದು ತಿಳಿಯಬಾರದು, ಧರ್ಮದಲ್ಲಿ ತೊಡಗಿದರೆ ಸಣ್ಣವರಿಗೂ ಸಾಧ್ಯ ಎಂಬುದು ಆ ಶಾಸನದ ಭಾವ. ಅದನ್ನು ಓದಲು ಹೆದ್ದಾರಿಯಲ್ಲಿ ಹೋಗಿ ಗುಡ್ಡ ಹತ್ತಬೇಕು. ತಾತ ಹತ್ತಿಲ್ಲ. ಅವರಿಗೆ ಓದು ಬರುವುದಿಲ್ಲ.

ಧಣಿಗಳು ನೀರು ಬಿಡಲಿಲ್ಲ. ಮಳೆ ಬರಲಿ, ಆಗ ನೋಡೋಣ ಎಂದರು. ಮಳೆನೀರಿನಲ್ಲಿ ಉಪ್ಪಿಲ್ಲ ಎಂಬುದು ಅವರಿಗೆ ಹುಡುಗ ಹೇಳಿದ ಕೊನೆಯ ಶಾಸ್ತ್ರವಾಕ್ಯ. ಮೊಮ್ಮಕ್ಕಳು ಅಲ್ಲಿಯ ತನಕ ಕಾಯಲು ಒಪ್ಪದೆ, ನೀರಿದ್ದ ಬಾವಿಗೆ ಬೆಂಡು ಕಟ್ಟಿಕೊಂಡು ಈಸಲು ಹೋದರು.

ಆ ರಾತ್ರಿ ನಾವು ಕೊಳದ ಪಕ್ಕ ಊಟಕ್ಕೆ ಕೂತಿದ್ದೆವು. ಡಬ್ಬಿಯ ಮೇಲೆ 'ಹೈ ಸಾಲ್ಟ್' ಮಿನುಗುತ್ತಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು, ಅಕ್ಷರ ಆರಿತು. ಬೆಳದಿಂಗಳಿತ್ತು. ಕೆಳಗಿನ ಹೊಲದ ಬಿಳುಪು ಮಾತ್ರ ಬದುವಿನ ಉದ್ದಕ್ಕೂ ಓದಲು ಬರುವಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು.